ಸಮುದ್ರಕ್ಕೆ ಹೋಗಿ ಬಂದ ರೊಟ್ಟಿ ಗಂಟು

ಅರವತ್ತು ರೊಟ್ಟಿಗಳನ್ನು ನಾನೊಬ್ಬಳೇ ಬಡಿದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಆಡಿದ ಮಾತಿಗೆ ಬೇರೆ ಸಮಜಾಯಿಷಿ ನನ್ನ ಬಳಿ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು. ಆಳಂದ ತಾಲೂಕಿನ ಸರಸಂಬಾದಲ್ಲಿ ನಮ್ಮ ಮನೆ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಗುಲಬರ್ಗಾದಲ್ಲಿ ಓದಿ, ಹಿಂದಿ ಟೀಚರಾಗಿ, ಆ ವರ್ಷ ಮಳೆಗಾಲದ ಆರಂಭದಲ್ಲಿ ಅಂಕೋಲೆಯ ಕಡೆಯ ಒಂದು ಮೀನುಗಾರರ ಊರಿನ ಹೈಸ್ಕೂಲಿಗೆ ನೌಕರಿಗೆ ಹೋಗಿದ್ದಳು. ಅವಳು ಹೋದ ದಿನದಿಂದ ಮನೆಯ ರೊಟ್ಟಿ ನನ್ನ ಪಾಲಿಗೆ ಬಂತು. ಎಂಟು ಜನರ ಮನೆ, ಎರಡು ಹೊತ್ತು. ಅಕ್ಕನಿಗೆ ನೌಕರಿ ಸಿಕ್ಕಿತೆಂದು ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನ ಮುಂಗೈ ಊದಿದ್ದನ್ನು ಮಾತ್ರ ಯಾರೂ ಕೇಳಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಹಿರೋಳ್ಳಿಯ ಕಡೆಯವರು ಅಕ್ಕನನ್ನು ಕೇಳಿಕೊಂಡು ಬಂದರು. ಹೊಲಮನೆ ಚೆನ್ನಾಗಿತ್ತು, ಹುಡುಗನೂ ಸಭ್ಯ. ಅವರದು ಒಂದೇ ಮಾತು: ಸೊಸೆ ನೌಕರಿ ಮಾಡಕೂಡದು. ಅಪ್ಪನ ಮನಸ್ಸು ಎರಡಾಯಿತು. ಮಗಳು ಟೀಚರು ಎಂಬುದು ಅವನಿಗೆ ಹೆಮ್ಮೆಯೇ, ಆದರೆ ಮೀನು ತಿನ್ನುವವರ ಮನೆಯಲ್ಲಿ ಅವಳು ಕೋಣೆ ಹಿಡಿದಿದ್ದಾಳೆಂಬುದು ಅವನಿಗೆ ಸಮಾಧಾನ ಕೊಟ್ಟಿರಲಿಲ್ಲ. ಹಿಂಗಾರಿ ಜೋಳದ ಬಿತ್ತನೆ ಎದುರಿಗಿದ್ದುದರಿಂದ ತಾನು ಹೊರಡುವಂತಿರಲಿಲ್ಲ. ಅವ್ವನಿಗೆ ಹೇಳಿದ:

"ನೀ ಹೋಗಿ ನೋಡ್ಕೊಂಡು ಬಾ. ನಮ್ಮ ಮಂದಿ ಇರೂವಂಥ ಜಾಗ ಅದ ಅಂದ್ರ ಇರ್ಲಿ. ಅಲ್ಲ ಅಂದ್ರ ಸಂಗಟ ಕರ್ಕೊಂಡು ಬಾ, ದಸರಾಕ್ಕ ಹಿರೋಳ್ಳಿಯವರಿಗೆ ಮಾತು ಕೊಡ್ತೇನಿ."

ಹೀಗೆ ಅಕ್ಕನ ನೌಕರಿ ಅವ್ವನ ಒಂದು ಮಾತಿನ ಮೇಲೆ ನಿಂತಿತು. ಅಕ್ಕ ತಿರುಗಿ ಬಂದುಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳ ಮೇಲಿನ ಪ್ರೀತಿ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಕೈ ನೋಯುತ್ತಿತ್ತು.

ಅವ್ವ ನಮ್ಮವರ ಒಲೆ ಬಿಟ್ಟು ಬೇರೆ ಒಲೆಯ ಮೇಲಿನದನ್ನು ಉಣ್ಣುವವಳಲ್ಲ. ಅದಕ್ಕೇ ಈ ಅರವತ್ತು ಕಟಕ ರೊಟ್ಟಿ. ಬೇಯಿಸಿದ ಜೋಳದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ಹಪ್ಪಳದಂತೆ ಒಣಗಿಸಬೇಕು. ನಮ್ಮ ಕಡೆ ಬಟ್ಟೆಯಲ್ಲಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹತ್ತು ದಿನಕ್ಕೆ ಸಾಕು ಎಂದು ಅವ್ವ ಲೆಕ್ಕ ಹಾಕಿದಳು.

"ರೊಟ್ಟಿ ಮುಗಿಯೂತನ ಇರ್ತೇನಿ. ಎಲ್ಲಾ ನೋಡ್ತೇನಿ. ಆಮ್ಯಾಲ ಹೇಳ್ತೇನಿ," ಎಂದು ಅಪ್ಪನಿಗೆ ತಿಳಿಸಿ, ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು.

ಗುಲಬರ್ಗಾ, ಹುಬ್ಬಳ್ಳಿ, ಆಮೇಲೆ ಘಟ್ಟ. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಅವ್ವ ನನ್ನನ್ನು ಬಿಟ್ಟು ತೊಡೆಯ ಮೇಲಿನ ಗಂಟನ್ನು ಹಿಡಿದುಕೊಳ್ಳುತ್ತಿದ್ದಳು. ಮಗಳು ಉರುಳಿದರೆ ಏಳುತ್ತಾಳೆ, ರೊಟ್ಟಿ ಮುರಿದರೆ ಮುರಿದಂತೆಯೇ ಎಂಬುದು ಅವಳ ಹಿಸಾಬು.

ಸಮುದ್ರ ಅಬ್ಬರಿಸುತ್ತದೆ ಎಂದು ನಾನು ತಿಳಿದಿದ್ದೆ. ನಾವು ನೋಡಿದ್ದು ಹಾಗಿರಲಿಲ್ಲ. ಮಳೆ ಹಿಂದೆ ಸರಿದಿತ್ತು, ಆಗೊಮ್ಮೆ ಈಗೊಮ್ಮೆ ಒಂದು ಹನಿ. ನೀರು ನಮ್ಮ ಹೊಲದಲ್ಲಿ ಅಗಸಿ ಹೂ ಬಿಟ್ಟಾಗಿನ ನೀಲಿ ಬಣ್ಣಕ್ಕಿತ್ತು. ಉದ್ದಕ್ಕೆ ಖಾಲಿ ಮರಳು, ಎಳೆದು ಬಿಟ್ಟ ನಾಲ್ಕು ದೋಣಿ, ನೆರಳಲ್ಲಿ ಕೂತು ಬಲೆ ಹೆಣೆಯುವ ಇಬ್ಬರು ಮುದುಕರು. ಅಲೆ ಬರುತ್ತಿತ್ತು, ಅವಸರವಿಲ್ಲದೆ ಹೋಗುತ್ತಿತ್ತು. ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಬಹಳ ಹೊತ್ತು ನಿಂತಳು. ಬಗ್ಗಿ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟು ಮುಖ ಕಿವುಚಿದಳು.

"ಇಷ್ಟು ನೀರು! ಒಂದ ಗುಟುಕು ಯಾರಿಗೂ ಉಪಯೋಗಿಲ್ಲ," ಎಂದಳು. ಆಮೇಲೆ ದಿನಾ ಸಂಜೆ ತಾನೇ ಮೊದಲು ಎದ್ದು ಅಲ್ಲಿಗೆ ಹೊರಡುತ್ತಿದ್ದಳು.

ಅಕ್ಕನ ಕೋಣೆ ದಂಡೆಗೆ ಹತ್ತಿರ, ತೆಂಗಿನ ಮರಗಳ ನಡುವಿನ ಹೆಂಚಿನ ಮನೆಯ ಮುಂಭಾಗದಲ್ಲಿತ್ತು. ಮನೆಯೊಡತಿ ಐವತ್ತರ ಆಸುಪಾಸಿನ ವಿಧವೆ, ಒಣಮೀನು ಮಾರುವವಳು. ಮಗ ದೋಣಿಯಲ್ಲಿ ಹೋದರೆ ನಾಲ್ಕು ದಿನಕ್ಕೆ ಬರುವವನು. ಅವಳು ಅಕ್ಕನನ್ನು "ಟೀಚರಮ್ಮ" ಎನ್ನುತ್ತಿದ್ದಳು. ಅಂಗಳದಲ್ಲೇ ಬಾವಿ. ನಮ್ಮೂರಲ್ಲಿ ಹಗ್ಗ ಇಳಿಬಿಟ್ಟು ಇಳಿಬಿಟ್ಟು ತೋಳು ಸೋಲುತ್ತದೆ, ಇಲ್ಲಿ ಬಗ್ಗಿದರೆ ಮುಖ ಕಾಣುವಷ್ಟು ಮೇಲೆ ನೀರು, ಅದೂ ಸಿಹಿ. ಅವ್ವ ತಾನೇ ಸೇದಿ ಸ್ನಾನ ಮಾಡಿ, ಆ ನೀರಿನಲ್ಲೇ ಲಿಂಗಪೂಜೆ ಮುಗಿಸಿ, ದಿನದಂತೆ ಶರಣರ ವಚನ ಹೇಳಿಕೊಂಡಳು. ಎದ್ದಾಗ ಮುಖ ತಿಳಿಯಾಗಿತ್ತು. ಆ ಬಾವಿ ಅಕ್ಕನ ಪರವಾಗಿ ಅರ್ಧ ವಾದ ಗೆದ್ದಿತೆಂದು ನನಗೆ ಅನ್ನಿಸಿತು.

ಉಳಿದ ಅರ್ಧವೇ ಕಷ್ಟದ್ದು. ತಾನೇ ಸ್ಟೋ ಹಚ್ಚಿ ಅಡಿಗೆ ಮಾಡಿಕೊಳ್ಳುತ್ತೇನೆ ಎಂದು ಅಕ್ಕ ಪತ್ರದಲ್ಲಿ ಬರೆಯುತ್ತಿದ್ದಳು. ಕೋಣೆಯಲ್ಲಿ ಸ್ಟೋವೇ ಇರಲಿಲ್ಲ. ಅಕ್ಕ ನನ್ನನ್ನು ಬಾವಿಯ ಹತ್ತಿರ ಎಳೆದು ಪಿಸುಗುಟ್ಟಿದಳು: "ಈ ಮನಿಯಾಕಿನೇ ನನಗೂ ಅನ್ನ ಬ್ಯಾಳಿ ಮಾಡ್ತಾಳ. ಬ್ಯಾರೆ ಗಡಗಿಯೊಳಗ, ಮೀನ ಮುಟ್ಟಿಸಂಗಿಲ್ಲ. ಅವ್ವಗ ಹೇಳಬ್ಯಾಡ ಬೇ."

ಹೇಳುವ ಅಗತ್ಯವೇ ಬೀಳಲಿಲ್ಲ. ಅವ್ವ ಕೋಣೆಯನ್ನು ಒಮ್ಮೆ ಸುತ್ತ ನೋಡಿದ್ದಳು, ಅಷ್ಟೇ. ಮಧ್ಯಾಹ್ನ ಮನೆಯೊಡತಿ ಎಲೆ ಹಾಕಲೇ ಎಂದು ಕೇಳಿದಾಗ, "ನಮ್ಮದು ರೊಟ್ಟಿ ಅದರಿ. ನಮಗ ಅದ ಬರಾಬರ್," ಎಂದು ನಗುತ್ತಲೇ ಹೇಳಿ ಗಂಟು ಬಿಚ್ಚಿದಳು. ಅಕ್ಕನ ಮುಖ ಸಣ್ಣದಾಯಿತು. ಅವ್ವ ಬೈಯಲಿಲ್ಲ, ಕೇಳಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಲೆಕ್ಕ ಎಲ್ಲಿಗೆ ಬಂತೆಂದಾದರೂ ನಮಗೆ ತಿಳಿಯುತ್ತಿತ್ತು.

ಮೂರನೆಯ ಬೆಳಗ್ಗೆ ಗಂಟು ಬಿಚ್ಚಿದರೆ ರೊಟ್ಟಿ ಮುರಿಯಲಿಲ್ಲ, ಮಡಿಸಿಕೊಂಡಿತು. ಹಸಿ ಗಾಳಿ ಕುಡಿದು ಎಲ್ಲವೂ ಚರ್ಮದಂತೆ ಮೆತ್ತಗಾಗಿದ್ದವು. ಕೆಳಗಿನವು ಮುಗ್ಗಲು ವಾಸನೆ ಹಿಡಿದಿದ್ದವು. ಕಡಲ ಗಾಳಿ ರೊಟ್ಟಿಗೆ ಹೀಗೆ ಮಾಡುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ನನಗೆ ಒಳಗೆ ಖುಷಿಯೇ ಆಯಿತು. ರೊಟ್ಟಿ ಕೆಟ್ಟರೆ ಅವ್ವ ಹೊರಡುತ್ತಾಳೆ. ಹೊರಟರೆ ಅಕ್ಕನೂ ಜೊತೆಗೇ.

"ಇರ್ಲಿ, ಆಮ್ಯಾಲ ನೋಡೋಣು," ಎಂದ ಅವ್ವ ಗಂಟನ್ನು ಹಾಗೇ ಕಟ್ಟೆಯ ಮೇಲೆ ಬಿಟ್ಟು, ಅಕ್ಕನ ಶಾಲೆ ನೋಡಲು ನನ್ನನ್ನೂ ಕರೆದುಕೊಂಡು ಹೊರಟಳು. ಕಿಟಕಿಯ ಹೊರಗೆ ಕೂತು ಅಕ್ಕ ಪಾಠ ಮಾಡುವುದನ್ನು ಕೇಳಿದಳು. ಹಿಂದಿಯ ಒಂದಕ್ಷರ ಅವಳಿಗೆ ಬರುತ್ತಿರಲಿಲ್ಲ. ಆದರೂ ಮಕ್ಕಳೆಲ್ಲ ಒಟ್ಟಿಗೆ ಓದಿದಾಗ ಅವಳ ತುಟಿಯೂ ಅಲುಗಾಡಿತು. ನಾನು ನೋಡಿ ನೋಡದಂತೆ ಇದ್ದೆ.

ಮಧ್ಯಾಹ್ನ ನಾವಿಬ್ಬರೂ ದಂಡೆಯ ದಾರಿಯಲ್ಲಿ ಮರಳಿದೆವು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಮರಳಿನ ಮೇಲೆ ಸಾಲಾಗಿ ಈಚಲು ಚಾಪೆ, ಚಾಪೆಗಳ ಮೇಲೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನು ಒಣಗುತ್ತಿದ್ದವು. ಕೊನೆಯ ಎರಡು ಚಾಪೆಗಳಲ್ಲಿ ಮೀನಿರಲಿಲ್ಲ. ನನ್ನ ರೊಟ್ಟಿಗಳಿದ್ದವು. ಒಂದರ ಪಕ್ಕ ಒಂದು, ಅಂಚು ತಾಗದಂತೆ. ಮನೆಯೊಡತಿ ಪಕ್ಕದಲ್ಲಿ ಕೂತು ತೆಂಗಿನ ಗರಿ ಆಡಿಸುತ್ತ ಕಾಗೆ ಓಡಿಸುತ್ತಿದ್ದಳು.

ನನ್ನ ನೆತ್ತಿಗೆ ಏನು ಏರಿತೋ! "ಏನ್ ಮಾಡಿಟ್ಟೀರಿ ಇದು? ಮೀನದ ಚಾಪಿ ಮ್ಯಾಗ ನಮ್ಮ ರೊಟ್ಟಿ? ಇನ್ನ ಇದನ್ನ ನಾಯಿನೂ ಮೂಸಂಗಿಲ್ಲ! ನಮ್ಮಕ್ಕ ಇಂಥ ಮನ್ಯಾಗ ಹೆಂಗ ಉಂಡಾಳೋ ಏನೋ!"

ಅವಳಿಗೆ ನನ್ನ ಮಾತು ಅರ್ಧ ತಿಳಿದಿತ್ತೋ ಇಲ್ಲವೋ. ಗರಿ ಆಡಿಸುತ್ತಿದ್ದ ಕೈ ನಿಂತಿತು. ಎದ್ದು ನಿಂತು, ನನ್ನನ್ನು ಬಿಟ್ಟು ಅವ್ವನಿಗೆ ಹೇಳಿದಳು: "ಎಲ್ಲಾ ಮೆತ್ತಗಾಗಿತ್ತಲ್ರಾ. ನೀವು ಬೇರೆ ಏನೂ ತಿನ್ನೂದಿಲ್ಲ. ಇದೂ ಹಾಳಾದ್ರೆ ಉಪಾಸ ಬೀಳ್ತ್ರಿ ಅಂತ ಬಿಸ್ಲಿಗೆ ಹಾಕ್ದೆ. ಚಾಪೆ ಬಾವಿ ನೀರಲ್ಲಿ ತೊಳ್ದೇ ಹಾಕಿದ್ದು."

ಅಷ್ಟರಲ್ಲಿ ಊಟದ ಬಿಡುವಿಗೆಂದು ಅಕ್ಕ ನಮ್ಮ ಹಿಂದೆಯೇ ಬಂದು ನಿಂತಿದ್ದಳು. ಚಾಪೆ ನೋಡಿದಳು, ಅವ್ವನ ಮುಖ ನೋಡಿದಳು. ತನ್ನ ನೌಕರಿ ಮುಗಿಯಿತೆಂದು ಅವಳಿಗೆ ಅನ್ನಿಸಿದ್ದು ಅವಳ ಕಣ್ಣಿನಲ್ಲೇ ಕಂಡಿತು.

ಅವ್ವ ಬಗ್ಗಿ ಒಂದು ರೊಟ್ಟಿ ಎತ್ತಿದಳು. ಬೆರಳಿನಿಂದ ಬಾರಿಸಿದಳು. ಅದು ಟಣ್ ಎಂದಿತು. ಒಂದೊಂದಾಗಿ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡಳು.

"ಭಾಳ ಉಪಕಾರ ಮಾಡಿದ್ರಿ," ಎಂದಳು ಮನೆಯೊಡತಿಗೆ. "ಬಿಸಲಾಗ ಕುಂತು ಕಾಗಿ ಕಾದೀರಿ. ನಮ್ಮ ಹುಡಿಗಿ ಬಾಯಿ ಜರಾ ಜೋರದ, ಮನಸಿಗೆ ಹಚ್ಚಿಕೋಬ್ಯಾಡ್ರಿ." ನನ್ನ ಕಡೆ ತಿರುಗಿ, "ನೀ ಮೊದಲ ಅವರಿಗೆ ತಪ್ಪಾತು ಅನ್ನು," ಎಂದಳು. ನಾನು ಅಂದೆ. ನೆಲ ನೋಡುತ್ತ ಅಂದೆ.

ಅಂದಿನಿಂದ ಊಟದ ಹೊತ್ತಿಗೆ ಅವ್ವ ಗಂಟು ತೆಗೆದುಕೊಂಡು ಒಬ್ಬಳೇ ದಂಡೆಗೆ ಹೋಗತೊಡಗಿದಳು. "ಗಾಳಿಗೆ ಕುಂತು ಉಣ್ತೇನಿ, ಹಿತ ಅನಸ್ತದ," ಎನ್ನುವಳು. ಸ್ವಲ್ಪ ಹೊತ್ತಿಗೆ ಬಾಯಿ ಒರೆಸಿಕೊಳ್ಳುತ್ತ ಬರುವಳು. ಮನೆಯೊಡತಿ ಎಳನೀರು ಕೆತ್ತಿ ಕೊಟ್ಟರೆ ಕುಡಿಯುವಳು. ನಾನಂತೂ ಆ ರೊಟ್ಟಿ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಹಸಿವು ತಾಳಲಾರದೆ ಅಕ್ಕನ ಜೊತೆ ಅದೇ ಮನೆಯೊಡತಿಯ ಒಲೆಯ ಅನ್ನ ಬೇಳೆಗೆ ಕೂತೆ, ಎರಡು ಸಲ ಹಾಕಿಸಿಕೊಂಡೆ. ನಾಚಿಕೆ ಬಿಟ್ಟವಳಿಗೆ ಊಟ ಚೆನ್ನಾಗಿಯೇ ಸೇರುತ್ತದೆ.

ಅದರ ಮರುದಿನ ಸಂಜೆ ಮೂವರೂ ನೀರಿನಂಚಿಗೆ ಕೂತಿದ್ದೆವು. ದೋಣಿಗಳು ಒಂದೊಂದಾಗಿ ದಡಕ್ಕೆ ಬರುತ್ತಿದ್ದವು. ಅಕ್ಕ ತಡೆಯಲಾರದೆ ಕೇಳಿದಳು: "ಅವ್ವಾ, ಆ ರೊಟ್ಟಿ ಖರೇನ ತಿಂದಿ?"

"ತಿಂದೆ. ಜರಾ ಉಪ್ಪುಪ್ಪಾಗ್ಯಾವ, ಚಟ್ನಿ ಹಚ್ಚೂದು ತಪ್ತು," ಎಂದಳು ಅವ್ವ. ಬಳಿಕ ಅವಳ ಬೆನ್ನ ಮೇಲೆ ಕೈಯಿಟ್ಟು, "ನೀ ಇಲ್ಲೇ ಇರು. ಹಿರೋಳ್ಳಿಯವರಿಗೆ ಬ್ಯಾರೆ ಹುಡಿಗಿ ಸಿಗ್ತಾಳ. ನಾವು ನಾಳಿಗಿ ಹೊಂಡ್ತೇವಿ," ಎಂದಳು. ಅಕ್ಕ ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತಳು. ನನಗೂ ಅಳು ಬಂತು. ಅಕ್ಕನ ಕಾರಣ ಬೇರೆ, ನನ್ನದು ಬೇರೆ.

ಮರುದಿನ ಹುಬ್ಬಳ್ಳಿಯಲ್ಲಿ ಬಸ್ಸಿಳಿದವಳೇ ಅವ್ವ ನಮ್ಮವರ ಖಾನಾವಳಿ ಎಲ್ಲಿದೆ ಎಂದು ಕೇಳಿದಳು. ಬಿಸಿ ರೊಟ್ಟಿ ಬಡಿಸಿದರು. ಅವ್ವ ತಲೆ ಎತ್ತದೆ ನಾಲ್ಕು ರೊಟ್ಟಿ ಉಂಡಳು. ಮನೆಯಲ್ಲಿ ಒಂದೂವರೆ ರೊಟ್ಟಿಗೆ ಕೈ ತೊಳೆಯುವವಳು. ಪ್ರಯಾಣದ ಹಸಿವು ಎಂದುಕೊಂಡೆ.

ಊರು ಮುಟ್ಟಿ, ಅಡಿಗೆ ಮನೆಯಲ್ಲಿ ಸಾಮಾನು ಇಳಿಸುವಾಗ ರೊಟ್ಟಿ ಗಂಟನ್ನು ನಾನೇ ಬಿಚ್ಚಿದೆ. ಚಾಪೆಯಿಂದ ಎತ್ತಿದಷ್ಟೂ ರೊಟ್ಟಿ ಅದರಲ್ಲಿದ್ದವು. ಒಂದೂ ಮುರಿದಿರಲಿಲ್ಲ. ನಾನು ಗಂಟನ್ನೂ ಅವ್ವನನ್ನೂ ನೋಡಿದೆ. ಎರಡು ದಿನ ಅವಳು ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಸಮುದ್ರ ನೋಡುತ್ತ ಸುಮ್ಮನೆ ಕೂತು ಎದ್ದು ಬಂದಿದ್ದಳು.

"ಯಾಕ ಬೇ, ಅವ್ವಾ?" ಎಂದೆ.

ಅವಳು ಒಲೆಯ ಮುಂದೆ ಕೂತಳು. "ಬಾಯಿತನಾ ಒಯ್ದೆ. ಒಳಗ ಹೋಗಲಿಲ್ಲ. ದಿನಾ ಮುಂಜಾನೆದ್ದು ವಚನದಾಗ ಎಲ್ಲಾರೂ ಒಂದ ಅಂತ ಹೇಳ್ತೇನಿ, ಹೇಳೂದು ಸಸಾರ. ಅಕಿ ತಪ್ಪೇನದ? ಅಕಿ ಚಾಪಿ ತೊಳದು ಹಾಕ್ಯಾಳ. ಕಮ್ಮಿ ಇದ್ದದ್ದು ನನ್ನೊಳಗ. ನನ್ನ ಕಮ್ಮಿಗೆ ನನ್ನ ಮಗಳು ನೌಕರಿ ಯಾಕ ಬಿಡಬೇಕು?" ಎಂದು, ರೊಟ್ಟಿಗಳನ್ನು ನೀರಲ್ಲಿ ನೆನೆಸಿ ಎಮ್ಮೆಗೆ ಹಾಕಲು ಹೇಳಿದಳು.

ಮುಸ್ಸಂಜೆ ಅಪ್ಪ ಕೂರಿಗೆ ಹೊತ್ತು ಹೊಲದಿಂದ ಬಂದ. ಕಾಲು ತೊಳೆಯುತ್ತಲೇ ಕೇಳಿದ: "ಏನಂತದ ಊರು? ನಮ್ಮ ಮಂದಿ ಇರೂ ಹಂಗ ಅದನು?"

ನಾನು ಬಾಯಿ ತೆರೆದೆ. ಒಂದು ಮಾತು ಸಾಕಿತ್ತು, ದಸರೆಯ ಹೊತ್ತಿಗೆ ಅಕ್ಕ ಈ ಒಲೆಯ ಮುಂದೆ ಇರುತ್ತಿದ್ದಳು. ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಎದ್ದುಹೋಗಿ, ಡಬ್ಬಿಯಿಂದ ಜೋಳದ ಹಿಟ್ಟು ತೆಗೆದು, ಹಿಟ್ಟು ನಾದುವ ಕೊಮ್ಮೆಗೆ ಹಾಕಿ ನೀರು ಬೆರೆಸಿದೆ.

"ಛಲೋ ಅದ," ಎನ್ನುತ್ತಿದ್ದಳು ಅವ್ವ ಹೊರಗೆ. "ಫಿಕರ್ ಮಾಡಬ್ಯಾಡ್ರಿ. ಉಣ್ಣಾಕ ತಿನ್ನಾಕ ಅಲ್ಲಿ ಏನೂ ಕಮ್ಮಿ ಇಲ್ಲ."