ಸಂಕ ಹಾಕಿಸುವವರಿಗೆ ಟಿಕೆಟ್ ಇಲ್ಲ

ಕಳೆದ ಭಾನುವಾರ ನನ್ನ ಸೋದರಮಾವ ಮೂರನೆಯ ಸಲ ಸೋತರು. ಚುನಾವಣೆಯಲ್ಲಿ ಅಲ್ಲ. ಚುನಾವಣೆಗೆ ನಿಲ್ಲುವುದರಲ್ಲಿ.

ಅಂದರೆ, ಪಕ್ಷದ ಟಿಕೆಟ್ ಸಿಗಲಿಲ್ಲ. ಜನರ ಮುಂದೆ ಸೋಲಬೇಕಾದರೂ ಮೊದಲು ಪಕ್ಷದವರ ಮುಂದೆ ಗೆಲ್ಲಬೇಕು. ಮಾವನಿಗೆ ಇದುವರೆಗೆ ಜನರ ಮುಂದೆ ಸೋಲುವ ಭಾಗ್ಯವೂ ಬಂದಿಲ್ಲ. ಮೊದಲ ಸಲ ಅವರು ಹೊರಟದ್ದು ಮದ್ರಾಸಿನ ಅಸೆಂಬ್ಲಿಗೆ. ಎರಡನೆಯ ಸಲ ಹೊರಡುವ ಹೊತ್ತಿಗೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು, ಹಾಗಾಗಿ ಬೆಂಗಳೂರಿಗೆ. ರಾಜ್ಯ ಬದಲಾಯಿತು, ರಾಜಧಾನಿ ಬದಲಾಯಿತು, ಮಾವ ಮಾತ್ರ ಸಿದ್ಧಕಟ್ಟೆಯಲ್ಲೇ ಉಳಿದರು.

(ಈ ಅಂಕಣದಲ್ಲಿ ನಾನು ಮನೆಯ ಸುದ್ದಿ ಬರೆಯುವುದು ಕಡಿಮೆ. ರಾಜಕೀಯವಂತೂ ಇಲ್ಲವೇ ಇಲ್ಲ. ಈ ವಾರ ಎರಡೂ ಒಟ್ಟಿಗೆ ಬಂದಿವೆ. ಮಾವನ ಒಪ್ಪಿಗೆ ಕೇಳಿದ್ದೇನೆ. "ಬರಿ, ಪಕ್ಷದ ಹೆಸರು ಮಾತ್ರ ಬೇಡ" ಎಂದರು. ಇನ್ನೂ ಆಸೆ ಉಂಟೋ ಏನೋ!)

ಮಾವನಿಗೆ ಅಸೆಂಬ್ಲಿ ಬೇಕಾದದ್ದು ಒಂದೇ ಕಾರಣಕ್ಕೆ. ನಮ್ಮೂರ ಹೊಳೆಗೆ ಸೇತುವೆ ಇಲ್ಲ. ಮಳೆಗಾಲದಲ್ಲಿ ದೋಣಿ. ನೆರೆ ಬಂದು ದೋಣಿಯೂ ನಿಂತರೆ ಆಚೆ ದಡದ ಮಕ್ಕಳಿಗೆ ಶಾಲೆ ಇಲ್ಲ, ಕಾಯಿಲೆಯವರಿಗೆ ಡಾಕ್ಟರ್ ಇಲ್ಲ. ಮಳೆ ಬಿಟ್ಟ ಮೇಲೆ ಸಂಕ. ಅಡಿಕೆ ಮರದ ಕಾಂಡಗಳನ್ನು ಬಳ್ಳಿಯಲ್ಲಿ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಸಂಕವಾಯಿತು. ನಡು ಮಳೆಗಾಲದ ಆಟಿ ತಿಂಗಳ ನೆರೆ ಅದನ್ನು ಒಯ್ಯುತ್ತದೆ. ದೀಪಾವಳಿ ಕಳೆದ ಮೇಲೆ ಮತ್ತೆ ಹಾಕಬೇಕು.

ಹಾಕಿಸುವವರು ಮಾವ. ಯಾರ ತೋಟದ ಮರ, ಯಾರ ಮನೆಯ ಜನ, ಯಾರ ಮನೆಯ ಗಂಜಿ, ಎಲ್ಲ ಅವರ ಬಾಯಲ್ಲೇ ತೀರ್ಮಾನ. ಮಾತು ಬಿಟ್ಟ ಇಬ್ಬರು ನೆರೆಮನೆಯವರಿದ್ದರೆ, ಸಂಕದ ದಿನ ಇಬ್ಬರ ಭುಜದ ಮೇಲೂ ಒಂದೇ ಮರ ಹೊರಿಸುತ್ತಾರೆ. ಮರದ ಒಂದು ತುದಿ ತಗ್ಗಿದರೆ ಇನ್ನೊಂದು ತುದಿಯವನು ಬಾಯಿ ಬಿಡಲೇಬೇಕಲ್ಲ?

ಈ ಸಲ ಟಿಕೆಟಿಗೆ ಎದುರಿಗಿದ್ದವರು ಒಬ್ಬ ವಕೀಲರು. ಮನೆ ಮೂಡಬಿದ್ರೆಯ ಹತ್ತಿರ, ವಾಸ ಮಂಗಳೂರಿನಲ್ಲಿ. ಭಾನುವಾರದ ಸಭೆಯಲ್ಲಿ ಪಕ್ಷದ ಸದಸ್ಯರು ಕೈ ಎತ್ತಿ ಇಬ್ಬರಲ್ಲಿ ಒಬ್ಬರನ್ನು ಆರಿಸುವುದೆಂದಿತ್ತು. ಮಾವ ಅವರ ಮನೆಮನೆಗೂ ಹೋಗಿ ಕೇಳುವುದೆಂದು ನಿಶ್ಚಯಿಸಿದರು.

"ನೀನೂ ಬಾ ಮಗಾ. ಬಿ.ಎ. ಓದಿದವಳು ಜೊತೆಗಿದ್ದರೆ ಒಂದು ತೂಕ."

ನನಗೆ ಮಾತಾಡಲು ಬರುವುದಿಲ್ಲ ಎಂದೆ.

"ತೂಕಕ್ಕೆ ಮಾತು ಯಾಕೆ? ಇದೇ ಕೊನೆ. ಈ ಸಲ ಆಗದಿದ್ದರೆ ಇನ್ನು ಕೇಳುವುದಿಲ್ಲ."

ಮೊದಲು ಪೇಟೆಯ ಅಬ್ಬಾಸ್ ಬ್ಯಾರಿಗಳ ಜವಳಿ ಅಂಗಡಿ. ಚಾ ಬಂತು. "ಶೆಟ್ರೇ, ಈ ತಾಲೂಕಿನಲ್ಲಿ ನಿಮಗಿಂತ ಯೋಗ್ಯರು ಯಾರುಂಟು?" ಎಂದರು ಬ್ಯಾರಿಗಳು.

"ಹಾಗಾದ್ರೆ ಭಾನುವಾರ ನನಗೆ ಕೈ ಎತ್ತುತ್ತೀರಲ್ಲ?"

"ಅದೇ ಯೋಚನೆ. ನೀವು ಬೆಂಗಳೂರಿಗೆ ಹೋದ್ರೆ ಸಂಕ ಹಾಕಿಸುವುದು ಯಾರು? ನನ್ನ ಗಿರಾಕಿಗಳು ಅರ್ಧಕ್ಕರ್ಧ ಹೊಳೆ ದಾಟಿ ಬರುವವರು ಮಾರಾಯ್ರೇ."

"ಸೇತುವೆ ಆದ್ರೆ ಸಂಕವೇ ಬೇಡವಲ್ಲ ಬ್ಯಾರಿಗಳೇ! ಅದಕ್ಕೇ ಹೋಗುವುದು."

"ಸೇತುವೆ ಆಗುವಾಗ ಆಗ್ಲಿ. ಸಂಕ ಈ ತಿಂಗಳೇ ಬೇಕಲ್ಲ?"

ತೂಕಕ್ಕೆಂದು ಬಂದಿದ್ದ ನಾನು ಚಾ ಕುಡಿದೆ.

ಆಮೇಲೆ ದೋಣಿ ಹತ್ತಿ, ಹೊಳೆಯಾಚೆ ಊರೆಲ್ಲ ದೊಡ್ಡಕ್ಕ ಎಂದು ಕರೆಯುವ ಹಿರಿಯರ ಮನೆ. ಸದಸ್ಯ ಅವರ ತಂಗಿಯ ಮಗ; ಆದರೆ ನಮ್ಮ ಕಡೆ ಹೆಣ್ಣಿನ ಕಡೆಯಿಂದ ವಂಶ ನಡೆಯುವ ಇಂಥ ಮನೆಗಳಲ್ಲಿ ಕೈ ಎತ್ತುವುದು ಗಂಡಸಾದರೂ ಎತ್ತಿಸುವುದು ಹಿರಿಯ ಹೆಂಗಸು. ಬೆಲ್ಲ, ನೀರು ಕೊಟ್ಟು ದೊಡ್ಡಕ್ಕ ನೇರವಾಗಿ ಕೇಳಿದರು: "ಎಮ್ಮೆಲ್ಲೆ ಆದ್ರೆ ವರ್ಷಕ್ಕೆ ಎಷ್ಟು ಸಲ ಹೋಗ್ಬೇಕು?"

"ಸಭೆ ಇರುವಷ್ಟು ದಿನವೂ ಇರ್ಬೇಕು ದೊಡ್ಡಕ್ಕ."

"ಹೋಗಿ ರುಜು ಹಾಕಿ ಬಂದ್ರೆ ಸಾಕಾಗುವುದಿಲ್ವಾ?"

"ಕೂತು ಕೇಳದಿದ್ರೆ ಯಾರು ಕೊಡ್ತಾರೆ?"

"ಹಾಗಾದ್ರೆ ನೀನು ಬೇಡ. ಆ ವಕೀಲ ಹೋಗ್ಲಿ. ಅವ ಇಲ್ಲಿದ್ರೂ ಒಂದೇ, ಇಲ್ಲದಿದ್ರೂ ಒಂದೇ."

ಕಂಬಕ್ಕೆ ಒರಗಿದ್ದ ತಂಗಿಯ ಮಗ ತಲೆಯಾಡಿಸಿದ. ಹೊರಡುವಾಗ ದೊಡ್ಡಕ್ಕ ಪ್ರೀತಿಯಿಂದ ಒಂದು ಬಾಳೆಗೊನೆ ಕೊಟ್ಟರು. ಮುಂದಿನ ಮನೆಗಳಲ್ಲೂ ಹಾಗೆಯೇ. ಬಾಳೆಗೊನೆ ಸಿಕ್ಕಿದಲ್ಲಿ ಓಟು ಇಲ್ಲ ಎಂದು ಆ ವಾರದಲ್ಲಿ ನಾನು ಕಲಿತೆ. ನಮ್ಮ ಚಾವಡಿ ತುಂಬ ಹಣ್ಣು.

ಭಾನುವಾರ ಬಂಟ್ವಾಳದ ಒಂದು ಅಕ್ಕಿ ಗಿರಣಿಯಲ್ಲಿ ಸಭೆ. ಜಿಲ್ಲೆಯಿಂದ ಒಬ್ಬರು ವೀಕ್ಷಕರು ಬಂದಿದ್ದರು. ಮೊದಲು ಊಟ. ವಕೀಲರು ಮೊದಲ ಪಂಕ್ತಿಯಲ್ಲಿ ವೀಕ್ಷಕರ ಪಕ್ಕ ಕೂತರು. ಮಾವ? ಎರಡನೆಯ ಪಂಕ್ತಿಗೆ ಸಾರು ತಲುಪುತ್ತಿಲ್ಲವೆಂದು ಕಂಡದ್ದೇ ಪಂಚೆ ಎತ್ತಿ ಕಟ್ಟಿ ಬಕೆಟ್ ಹಿಡಿದರು. ಅವರಿಗೆ ತಡೆಯಲಾಗುವುದಿಲ್ಲ. "ಇವರು ಯಾರು, ಒಳ್ಳೆ ಚುರುಕು!" ಎಂದು ವೀಕ್ಷಕರು ಕೇಳಿದರಂತೆ.

ಊಟವಾದ ಮೇಲೆ ಕೈಗಳು ಎದ್ದವು. ವಕೀಲರಿಗೆ ಬಹಳ. ಮಾವನಿಗೆ, ಎಣಿಸುವ ಅಗತ್ಯ ಬೀಳದಷ್ಟು.

ನಾನು ಮಾವನ ಮುಖ ನೋಡಲಿಲ್ಲ. ಕೆಲವು ಹೊತ್ತಿನಲ್ಲಿ ನೋಡದಿರುವುದೇ ಮರ್ಯಾದೆ.

ಆಗ ಗೆದ್ದ ವಕೀಲರು ತಾವಾಗಿಯೇ ಹತ್ತಿರ ಬಂದು ಮಾವನ ಕೈ ಹಿಡಿದರು. ಒಳ್ಳೆಯ ಮನುಷ್ಯ, ನಗುಮುಖ. "ಶೆಟ್ಟರೇ, ಪ್ರಚಾರಕ್ಕೆ ನೀವೇ ಮುಂದೆ ನಿಲ್ಲಬೇಕು. ನಾಡಿದ್ದಿನಿಂದ ಜೀಪು ಬರುತ್ತದೆ. ನಿಮ್ಮ ಹೊಳೆಯಾಚೆಯ ಊರಿಗೇ ಮೊದಲು ಹೋಗುವ."

"ಜೀಪು ಆಚೆ ಹೋಗುವುದಿಲ್ಲ" ಎಂದರು ಮಾವ.

"ಯಾಕೆ? ಸೇತುವೆ ರಿಪೇರಿಯಲ್ಲಿದೆಯಾ?"

ಅಬ್ಬಾಸ್ ಬ್ಯಾರಿಗಳು ತಲೆಯೆತ್ತಿ ಗಿರಣಿಯ ಮಾಡಿನ ಹಂಚುಗಳಲ್ಲಿ ಏನೋ ಹುಡುಕತೊಡಗಿದರು. ಮೊದಲು ನಕ್ಕವರು ಮಾವನೇ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗುರುವಾರ ಸಂಕ ಹಾಕುವುದುಂಟು ವಕೀಲರೇ. ಬನ್ನಿ, ನಿಮಗೂ ಒಂದು ಮರ ಕೊಡುವ."

ವಕೀಲರು ಬರಲಿಲ್ಲ. ಮಿಕ್ಕವರೆಲ್ಲ ಬಂದರು. ಬ್ಯಾರಿಗಳು ಅವಲಕ್ಕಿ, ಬೆಲ್ಲ ಕಳುಹಿಸಿ ಹಿಂದೆಯೇ ತಾವೂ ಬಂದರು. ದೊಡ್ಡಕ್ಕನ ತಂಗಿಯ ಮಗ ಸೊಂಟದ ತನಕ ನೀರಿನಲ್ಲಿ ನಿಂತು ಬಳ್ಳಿ ಬಿಗಿದ. ಭಾನುವಾರ ಎತ್ತದ ಕೈಗಳೆಲ್ಲ ಗುರುವಾರ ಮರ ಎತ್ತಿದವು. ನಮ್ಮ ಚಾವಡಿಯ ಬಾಳೆಹಣ್ಣೂ ಅಲ್ಲಿಯೇ ಖರ್ಚಾಯಿತು, ಕೊಟ್ಟವರೇ ತಿಂದರು.

ಸಂಜೆ ಮಾವ ಹೊಸ ಸಂಕದ ನಡುವೆ ನಿಂತು ಒಮ್ಮೆ ಕುಲುಕಿ ನೋಡಿದರು. ಗಟ್ಟಿಯಿತ್ತು.

"ಬೇಸರ ಉಂಟಾ ಮಾವ?" ಎಂದು ಕೇಳಿದೆ. ಇಡೀ ವಾರ ಕೇಳಲಾಗದೆ ಉಳಿಸಿಕೊಂಡಿದ್ದ ಪ್ರಶ್ನೆ.

"ಎಂಥ ಬೇಸರ? ಬೇಡವಾದವನನ್ನು ಸೋಲಿಸುತ್ತಾರೆ. ನನ್ನನ್ನು ಬೇಕೆಂದು ಸೋಲಿಸಿದರು. ನೀನು ಬಿದಿರು ಹಿಡ್ಕೊಂಡು ಬಾ."

ಅವರು ಸುಖವಾಗಿದ್ದಾರೆ. ಆ ಸಂಜೆ, ಆ ಸಂಕದ ಮೇಲೆ, ನನಗೂ ಸುಖವೇ ಅನಿಸಿತು. ಮನೆಗೆ ಬಂದ ಮೇಲೆ ಮಾತ್ರ ಒಂದು ಪ್ರಶ್ನೆ ಉಳಿಯಿತು.

ಸಂಕ ಹಾಕಿಸಬಲ್ಲವರನ್ನು ಊರಲ್ಲೇ ಉಳಿಸಿಕೊಂಡೆವು, ಸರಿ. ಸೇತುವೆ ಕೇಳಲು, ಸೇತುವೆ ಇಲ್ಲವೆಂದೇ ಗೊತ್ತಿಲ್ಲದವರನ್ನು ಕಳುಹಿಸುತ್ತಿದ್ದೇವಲ್ಲ?