ಚುಕ್ಕಾಣಿಯ ಮುಂದೆ ‘ಜೀ ಸರ್’

೨೦೦೬ರಲ್ಲಿ ನಾನು ಗ್ರೇಟರ್ ನೋಯ್ಡಾದ ಒಂದು ಮರ್ಚೆಂಟ್ ನೇವಿ ತರಬೇತಿ ಸಂಸ್ಥೆಯಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದೆ. ದೆಹಲಿಯಲ್ಲಿ ಎಂ.ಎ. ಮುಗಿಸಿ ಸೇರಿದ ಮೊದಲ ಕೆಲಸ. ಸಮುದ್ರವೇ ಇಲ್ಲದ ಊರಿನಲ್ಲಿ ಹಡಗಿನ ಪಾಠವೇ ಎಂದು ಮನೆಯವರು ನಗುತ್ತಿದ್ದರು. ನಮ್ಮ ಈಜುಕೊಳದಲ್ಲಿ ಲೈಫ್‌ರಾಫ್ಟ್ ತೇಲುತ್ತಿತ್ತು. ಒಂದು ಕತ್ತಲೆ ಕೋಣೆಯಲ್ಲಿ ಸಿಮ್ಯುಲೇಟರ್ ಇತ್ತು: ದೊಡ್ಡ ಪರದೆಯ ಮೇಲೆ ಬಂದರು, ಅದರ ಮುಂದೆ ನಿಜವಾದ ಚುಕ್ಕಾಣಿ ಚಕ್ರ.

ನನಗೆ ವಹಿಸಿದ್ದು ರೇಟಿಂಗ್‌ಗಳ ತಂಡ, ಅಂದರೆ ಅಧಿಕಾರಿಗಳ ಕೈಕೆಳಗೆ ದುಡಿಯುವ ನಾವಿಕರು. ಚುಕ್ಕಾಣಿ ಹಿಡಿದವನು ಪ್ರತಿ ಆಜ್ಞೆಯನ್ನೂ ಹಾಗೆಯೇ ಮರಳಿ ಹೇಳಬೇಕೆಂಬುದು ಹಡಗಿನ ನಿಯಮ. ಕ್ಯಾಪ್ಟನ್ “ಪೋರ್ಟ್ ಟೆನ್” (ಎಡಕ್ಕೆ ಹತ್ತು ಡಿಗ್ರಿ) ಎಂದರೆ ಇವನೂ “ಪೋರ್ಟ್ ಟೆನ್, ಸರ್” ಎಂದು, ಆಮೇಲೆ ಚಕ್ರ ತಿರುಗಿಸಬೇಕು. ಬಲಕ್ಕೆ ‘ಸ್ಟಾರ್‌ಬೋರ್ಡ್’.

ಆ ತಂಡದ ಸತ್‌ಬೀರ್ ಹರಿಯಾಣದ ಮಾನೇಸರ್ ಪಕ್ಕದ ಹಳ್ಳಿಯವನು. ಅವನ ಕೈಯಲ್ಲಿ ಹಡಗು ಗೆರೆ ಎಳೆದಂತೆ ಹೋಗುತ್ತಿತ್ತು. ಆದರೆ ಯಾವ ಆಜ್ಞೆಗೂ ಅವನ ಉತ್ತರ ಒಂದೇ: “ಜೀ ಸರ್.” ಇದೇ ಕಾರಣಕ್ಕೆ ಅಂತಿಮ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದ. ಮತ್ತೆ ಫೇಲಾದರೆ ಸರ್ಟಿಫಿಕೇಟ್ ಇಲ್ಲ, ಹಡಗೂ ಇಲ್ಲ.

ಸಿಮ್ಯುಲೇಟರ್ ಕಲಿಸುತ್ತಿದ್ದ ನಿವೃತ್ತ ಕ್ಯಾಪ್ಟನ್ ಕಾರವಾರದವರು. ನನ್ನ ಜೊತೆ ಕನ್ನಡದಲ್ಲೇ ಮಾತು.

“ನೋಡಮ್ಮಾ, ಹುಡುಗ ಚಿನ್ನ. ಆದ್ರೆ ಅವನ ‘ಜೀ’ ಎಡಕ್ಕೋ ಬಲಕ್ಕೋ ಅಂತ ನನಗೆ ಗೊತ್ತಾಗೋದು ಹಡಗು ಬಂಡೆಗೆ ಬಡಿದ ಮೇಲೆ. ಇಂಗ್ಲಿಷ್ ನಿನ್ನ ಡಿಪಾರ್ಟ್‌ಮೆಂಟು. ಬಾಯಿ ಬಿಡಿಸು.”

ತೊಡಕು ಇಂಗ್ಲಿಷಿನದಾಗಿರಲಿಲ್ಲ. ತರಗತಿಯಲ್ಲಿ ಅವನು ಎಲ್ಲ ಆಜ್ಞೆಗಳನ್ನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಮತ್ತೇನು ಕಷ್ಟ ಎಂದು ಕೇಳಿದೆ. ನೆಲ ನೋಡುತ್ತ ಹಿಂದಿಯಲ್ಲಿ ಹೇಳಿದ:

“ಮೇಡಂಜೀ, ನಮ್ಮ ತಾಊ ‘ಎಮ್ಮೆ ಕಟ್ಟು’ ಅಂದರೆ ನಾನೂ ‘ಎಮ್ಮೆ ಕಟ್ಟು’ ಅನ್ನೋದಾ? ನಕಲ್ ಮಾಡ್ತೀಯಾ ಅಂತ ಕಪಾಳಕ್ಕೆ ಬಿಡ್ತಾರೆ.”

ತಾಊ ಎಂದರೆ ದೊಡ್ಡಪ್ಪ. ಹಿರಿಯರ ಮಾತನ್ನು ಅವರೆದುರೇ ತಿರುಗಿ ಹೇಳುವುದು ಆ ಮನೆಯಲ್ಲಿ ಅಣಕ. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲೂ ಅದಕ್ಕೆ ಬೇರೆ ಹೆಸರಿರಲಿಲ್ಲ.

ಮರುದಿನ ಸಿಮ್ಯುಲೇಟರಿನಲ್ಲಿ ಚಕ್ರವನ್ನು ನಾನು ಹಿಡಿದು, ಅವನನ್ನು ಕ್ಯಾಪ್ಟನ್ ಮಾಡಿದೆ. ಹಿಂದಿನಿಂದ ಗೆಳೆಯರ ಕೂಗು: “ಓಯೇ ಕ್ಯಾಪ್ಟನ್ ಸಾಬ್, ಮೊದಲು ಮೀಸೆ ಬರಲಿ!”

“ಸ್ಟಾರ್‌ಬೋರ್ಡ್ ಟ್ವೆಂಟಿ,” ಎಂದ, ಸಂಕೋಚದಿಂದ.

“ಜೀ ಸರ್,” ಎಂದು ನಾನು ಸುಮ್ಮನೆ ನಿಂತೆ. ಪರದೆಯ ಮೇಲೆ ಬಂದರಿನ ಗೋಡೆ ಹತ್ತಿರವಾಯಿತು.

“ಮೇಡಂಜೀ, ಕೇಳಿಸ್ತಾ?”

“ಜೀ ಸರ್.”

“ಅರೇ, ಸುನಾ ಕಿ ನಹೀಂ? ಕೇಳಿಸ್ತೋ ಇಲ್ವೋ?” ಎಂದು ಕಿರುಚಿದವನು ಥಟ್ಟನೆ ಬಾಯಿ ಮುಚ್ಚಿಕೊಂಡ. ಆಮೇಲೆ ಮೆಲ್ಲಗೆ, “ಕ್ಯಾಪ್ಟನ್ ಸಾಬ್‌ಗೂ ದಿನಾ ಹೀಗೇ ಆಗುತ್ತಾ?” ಎಂದು ಕೇಳಿದ.

“ನೀನು ಚಕ್ರ ಹಿಡಿದಾಗ, ಹೌದು.”

ಮರುಪರೀಕ್ಷೆಯ ದಿನ ಬಾಗಿಲ ಬಳಿ ನಿಂತಿದ್ದೆ. ಸತ್‌ಬೀರ್ ಆಜ್ಞೆಗಳನ್ನು ಮರಳಿ ಹೇಳುತ್ತಿದ್ದ, ತಗ್ಗಿದ ದನಿಯಲ್ಲಾದರೂ ಸ್ಪಷ್ಟವಾಗಿ. ನಡುವೆ ಪರದೆಯ ಎಡಭಾಗದಲ್ಲಿ ಮೀನುಗಾರರ ದೋಣಿಯೊಂದು ಕಾಣಿಸಿತು. ಅದನ್ನೇ ನೋಡುತ್ತಿದ್ದ ಕ್ಯಾಪ್ಟನ್, “ಪೋರ್ಟ್ ಟ್ವೆಂಟಿ” ಎಂದರು.

“ಪೋರ್ಟ್ ಟ್ವೆಂಟಿ, ಸರ್!”

ಈ ಸಲ ದನಿ ಇಡೀ ಕೋಣೆಗೆ ಕೇಳಿಸಿತು. ಕ್ಯಾಪ್ಟನ್ ಬೆಚ್ಚಿದರು. “ಅಲ್ಲ ಅಲ್ಲ, ಸ್ಟಾರ್‌ಬೋರ್ಡ್ ಟ್ವೆಂಟಿ!”

“ಸ್ಟಾರ್‌ಬೋರ್ಡ್ ಟ್ವೆಂಟಿ, ಸರ್.” ಚಕ್ರ ಬಲಕ್ಕೆ ತಿರುಗಿತು. ದೋಣಿ ಎಡಕ್ಕೆ ಸರಿದುಹೋಯಿತು.

ದೀಪ ಹಾಕಿದಾಗ ಕ್ಯಾಪ್ಟನ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಬೇಕಂತಲೇ ಮಾಡಿದ್ದು ಅಂದ್ಕೋಬೇಡಮ್ಮಾ. ನಿಜವಾಗ್ಲೂ ಬಾಯಿ ತಪ್ಪಿತು.” ಅವನತ್ತ ತಿರುಗಿ, “ಪಾಸ್,” ಎಂದರು. ಸತ್‌ಬೀರ್ ಅವರ ಪಾದ ಮುಟ್ಟಲು ಬಾಗಿದ. “ಹಡಗಲ್ಲಿ ಇದೆಲ್ಲ ಮಾಡ್ಬೇಡ, ಚಕ್ರ ಬಿಟ್ಟುಹೋಗುತ್ತೆ,” ಎಂದು ಗದರಿದರು, ಆದರೆ ಕೈ ಅವನ ತಲೆಯ ಮೇಲಿತ್ತು.

ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸುವುದೇ ಮರ್ಯಾದೆ ಎಂದು ನಾನೂ ಕಲಿತಿದ್ದೆ. ಆಡಿದ ಮಾತು ಆಡಿದವರಿಗೇ ಇನ್ನೊಮ್ಮೆ ಕೇಳಿಸುವಂತೆ ಮಾಡುವುದು ಅದಕ್ಕಿಂತ ದೊಡ್ಡ ಮರ್ಯಾದೆ ಎಂದು ಆ ಕೆಲಸ ನನಗೆ ಕಲಿಸಿತು. ಆದರೆ ಚಕ್ರ ತಿರುಗುವ ಮೊದಲೇ ಅದನ್ನು ಹೇಳಿಬಿಡಬೇಕು.