ನಾಲ್ಕು ಬೆರಳಿನ ಗೇರು

ಚಳ್ಳಕೆರೆಯಲ್ಲಿ ಬೆಳಗಿನ ಗಾಳಿ ಎಣ್ಣೆ ಮಿಲ್ಲುಗಳ ಕಡೆಯಿಂದ ಬೀಸಿದರೆ ಊರಿಗೆ ಊರೇ ಒಗ್ಗರಣೆಗೆ ಕೂತಂತಿರುತ್ತದೆ. ನೀವು ಹೊಸಬರಾದರೆ ಹಸಿವಾಗಬಹುದು. ನನಗೆ ಮಾತ್ರ ಆ ಶೇಂಗಾ ಎಣ್ಣೆಯ ವಾಸನೆಗೆ ಸೈಕಲ್ಲಿನ ಚೈನು ನೆನಪಾಗುತ್ತದೆ. ಇವತ್ತೂ ಆಯಿತು.

ಸೈಕಲ್ಲು ನನ್ನದಲ್ಲ, ನನ್ನ ಹೆಂಡತಿ ಪದ್ಮಾಳದು. ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು, ಕಲ್ಲುಗುಡ್ಡದ ಮೇಲೆ ಓಡಿಸುವ ರೇಸಿನ ಸೈಕಲ್ಲಿನಲ್ಲಿ ಗೆದ್ದು ಬಂದವಳು. ನಾನೋ, ಸ್ಟ್ಯಾಂಡು ಹಾಕುವಾಗಲೂ ಎರಡು ಸಲ ನೋಡುವವನು. ಅವಳ ರೇಸುಗಳಲ್ಲಿ ಚೀಲ ಹಿಡಿದು ನಿಲ್ಲುವುದು ನನ್ನ ಪಾಲಿನ ಕ್ರೀಡೆ. ಕೆಲವು ವರ್ಷಗಳ ಹಿಂದೆ ಅವಳು ತವರಿನ ಗುಡ್ಡದಲ್ಲೇ ಬಿದ್ದಳು. ಬಲಗೈ ಹೆಬ್ಬೆರಳು ಮುರಿದು, ಕೂಡಿಕೊಂಡರೂ ಮತ್ತೆ ಬಾಗಲಿಲ್ಲ. ಗುಡ್ಡದ ಸೈಕಲ್ಲಿನ ಗೇರು ಒತ್ತುವುದೇ ಹೆಬ್ಬೆರಳಿನಿಂದ. ಸೈಕಲ್ಲು ಗೋಡೆಯ ಮೊಳೆಗೇರಿತು.

ಅಷ್ಟೇ ಆಗಿದ್ದರೆ ನಾನು ಒಳಗೊಳಗೇ ನೆಮ್ಮದಿಪಡುತ್ತಿದ್ದೆನೋ ಏನೋ. ಆದರೆ ಅವಳು ಆ ಕೈಯನ್ನೇ ಸೆರಗಿನಲ್ಲಿ ಬಚ್ಚಿಟ್ಟಳು. ನಾನೂ ಕಾಫಿ ಲೋಟವನ್ನು ಎಡಗೈಗೇ ಕೊಡುವುದನ್ನು ರೂಢಿ ಮಾಡಿಕೊಂಡೆ. ಅರಿಶಿನ ಕುಂಕುಮಕ್ಕೆ ಕರೆದರೆ ಹೋಗಳು. ಎಡಗೈಯಲ್ಲಿ ತೆಗೆದುಕೊಳ್ಳುವಂತಿಲ್ಲ, ಬಲಗೈ ಚಾಚಿದರೆ ಎಲ್ಲರ ಕಣ್ಣೂ ಬೆರಳಿನ ಮೇಲೆ. ಮನೆಯಲ್ಲಿ ಮಾತೂ ಕಡಿಮೆಯಾಯಿತು. ನನಗೆ ಭಯವಾಗಿತ್ತು.

ಒಮ್ಮೆ ಮೊಳಕಾಲ್ಮೂರಿನಿಂದ ಹೊರಡುವಾಗ ಅತ್ತೆ ತಾಂಬೂಲ ಹಿಡಿದು ನಿಂತರು. ಪದ್ಮಾ ಎಡಗೈ ಚಾಚಿ, ನಾಚಿ ಹಿಂದಕ್ಕೆಳೆದುಕೊಂಡಳು.

"ಬೊಟನವೇಲು ಪೋತೇ ಏಮಿ, ಮಿಗತಾ ನಾಲುಗು ವೇಳ್ಳು ಉನ್ನಾಯಿ ಕದಾ" ಎಂದರು ಅತ್ತೆ, ತಮ್ಮ ಮನೆಮಾತು ತೆಲುಗಿನಲ್ಲಿ. ಹೆಬ್ಬೆರಳು ಹೋದರೇನು, ಉಳಿದ ನಾಲ್ಕು ಇವೆಯಲ್ಲ.

ಮಗಳು ಸೆರಗೊಡ್ಡಿ ಹಾಕಿಸಿಕೊಂಡಳು. ಮಾತು ನಾಟಿದ್ದು ಅಳಿಯನಿಗೆ. ರಸ್ತೆ ರೇಸಿನ ಸೈಕಲ್ಲಿನಲ್ಲಿ ಬ್ರೇಕಿನ ಹಿಡಿಕೆಯನ್ನೇ ಬೆರಳುಗಳಿಂದ ಪಕ್ಕಕ್ಕೆ ತಳ್ಳಿ ಗೇರು ಹಾಕುತ್ತಾರೆಂದು ಅವಳೇ ಹಿಂದೆ ಹೇಳಿದ್ದಳು. ಅವಳಿಗೆ ತಿಳಿಸದೆ ಸೈಕಲ್ಲನ್ನು ಗೂಡ್ಸ್ ಗಾಡಿಯಲ್ಲಿ ಬಳ್ಳಾರಿಗೆ ಒಯ್ದೆ. ಅಂಗಡಿಯವನು ಬಾಗಿದ ಹ್ಯಾಂಡಲ್ಲನ್ನೂ ಹೊಸ ಹಿಡಿಕೆಗಳನ್ನೂ ಕೂಡಿಸಿದ.

"ಬ್ರೇಕ್ ಹಿಡೀತೈತೆ ಸಾರ್. ಗೇರಿಗೆ ಗ್ಯಾರಂಟಿ ಇಲ್ಲ. ಈ ಹಿಡಿಕೆ ಎಳೆಯೋ ವೈರಿನ ಲೆಕ್ಕ ಬೇರೆ, ನಿಮ್ಮ ಗೇರು ಕೇಳೋ ಲೆಕ್ಕ ಬೇರೆ. ಮನೇಲಿ ಹೊಂದಿಸ್ಕಳ್ರಿ."

ಆ ಹ್ಯಾಂಡಲ್ಲು ಥೇಟ್ ಟಗರಿನ ಕೊಂಬು. ಪದ್ಮಾ ಒಮ್ಮೆ ನೋಡಿ ಮುಖ ತಿರುಗಿಸಿ ಹೊಸ್ತಿಲಲ್ಲಿ ಕೂತಳು. ನಾನು ರಜಾದಿನಗಳಲ್ಲೆಲ್ಲ ಸ್ಕ್ರೂ ತಿರುಗಿಸಿದ್ದೇ ತಿರುಗಿಸಿದ್ದು. ಚೈನು ಎರಡು ಹಲ್ಲುಚಕ್ರಗಳ ನಡುವೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಗರಗರ ಎನ್ನುತ್ತಿತ್ತು. ಒಣಗಿರಬೇಕೆಂದು ಅಡುಗೆಮನೆಯ ಶೇಂಗಾ ಎಣ್ಣೆ ಧಾರಾಳವಾಗಿ ಬಿಟ್ಟೆ. ಎಣ್ಣೆಗೆ ಬರವಿಲ್ಲದ ಊರು ನಮ್ಮದು. ಬೆಳಗಾದರೆ ಗೋಡೆಯಿಂದ ಚೈನಿನವರೆಗೆ ಇರುವೆ ಸಾಲು.

"ರೀ, ಇದಕ್ಕೇನ್ ಬಿಟ್ರಿ?"

"ಶೇಂಗಾ ಎಣ್ಣೆ."

"ಚೈನಿನಾಗೆ ಬಜ್ಜಿ ಕರೀತೀರಾ? ಏಳ್ರಿ ಮ್ಯಾಲೆ. ಕೊಡ್ರಿ ಆ ಸ್ಪ್ಯಾನರು."

ಡೀಸೆಲ್ಲಿನಲ್ಲಿ ಚೈನು ತೊಳೆದಳು. ಗೇರಿನ ವೈರನ್ನು ಬಿಚ್ಚಿ, ಎಳೆತದ ಲೆಕ್ಕ ಹೊಂದಲೆಂದು ನಟ್ಟಿನ ಇನ್ನೊಂದು ಬದಿಯಿಂದ ಹಾಯಿಸಿ, ಬಲಗೈಯ ನಾಲ್ಕು ಬೆರಳಲ್ಲಿ ಬಿಗಿಯಾಗಿ ಎಳೆದು ಹಿಡಿದು, ಎಡಗೈಯಿಂದ ನಟ್ಟು ಬಿಗಿದಳು. ಕೈ ಮೇಲಿನ ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಪೆಡಲ್ ತಿರುಗಿಸಿ ಹಿಡಿಕೆ ತಳ್ಳಿದಳು. ಟಕ್ ಎಂದು ಚೈನು ಪಕ್ಕದ ಚಕ್ರಕ್ಕೆ ಹೋಗಿ ಕೂತಿತು.

"ಗೇರು ಬೀಳ್ತೈತೆ" ಎಂದಳು, ಮೆಲ್ಲಗೆ. ನನಗೆ ಅಳು ಬಂತು. ಡೀಸೆಲ್ ಘಾಟು ಎಂದೆ.

ಅವಳನ್ನು ಎಬ್ಬಿಸಲೆಂದೇ ನಾನು ದಡ್ಡನಂತೆ ನಟಿಸಿದೆನೆಂದು ನೆಂಟರು ಹೊಗಳುತ್ತಾರೆ. ನಿಮ್ಮಲ್ಲಿ ಮುಚ್ಚುಮರೆಯೇಕೆ, ಆ ದಡ್ಡತನ ಅಪ್ಪಟವಾದದ್ದು. ಕೊನೆಯ ಗೇರು ಇಂದಿಗೂ ಬೀಳುವುದಿಲ್ಲ. ಅವಳು ರೇಸಿಗೂ ಹೋಗಲಿಲ್ಲ. ಬೆಳಿಗ್ಗೆ ಕುದಾಪುರದ ಹುಲ್ಲುಗಾವಲಿನ ಕಡೆ ಹೋಗಿ ಬರುತ್ತಾಳೆ, ಅಷ್ಟೇ. ಸೀರೆ ಉಟ್ಟು ನಾಲ್ಕು ಜನರೆದುರು ನಿಂತರೆ ಮಾತ್ರ ಆ ಕೈ ಮತ್ತೆ ಸೆರಗಿನೊಳಗೆ. ನಾನೂ ಲೋಟವನ್ನು ಎಡಗೈಗೇ ಕೊಡುತ್ತಾ ಬಂದೆ.

ಇವತ್ತು ಎಣ್ಣೆ ವಾಸನೆಯ ನಡುವೆ ಕಾಫಿ ಹಿಡಿದು ಗೇಟಿಗೆ ಬಂದೆ. ಪದ್ಮಾ ಆಗಷ್ಟೇ ಬಂದು, ಎಡಗೈಯಲ್ಲಿ ಬ್ರೇಕು ಹಿಡಿದು ನಿಂತಿದ್ದಳು. ಪಕ್ಕದ ಮನೆಯ ರತ್ನಮ್ಮ ಶುಕ್ರವಾರದ ಪೂಜೆಯ ತಟ್ಟೆ ಹಿಡಿದು, "ಹೂವ ತಗಳ್ರಿ ಪದ್ಮಕ್ಕ" ಎಂದರು. ಸೈಕಲ್ಲಿನ ಉಡುಪಿಗೆ ಸೆರಗೆಲ್ಲಿಂದ ಬರಬೇಕು? ಪದ್ಮಾ ಇಲ್ಲದ ಸೆರಗಿಗೆ ತಡಕಾಡಿದಳು. ಆಮೇಲೆ ಬಲಗೈ ಚಾಚಿದಳು, ಹೆಬ್ಬೆರಳು ಸೆಟೆದುಕೊಂಡೇ ಇತ್ತು. ರತ್ನಮ್ಮ ಹೂವಿಟ್ಟು, ಬೆಲೆ ಏರಿದ ಬೇಳೆಯ ಬಗ್ಗೆ ಮಾತಾಡುತ್ತಾ ಮುಂದೆ ಹೋದರು.

ಪದ್ಮಾ ಹೂವು ಮುಡಿದುಕೊಂಡಳು. ಅಭ್ಯಾಸದಂತೆ ಅವಳ ಎಡಕ್ಕೆ ಹೊರಟಿದ್ದ ನಾನು ಸೈಕಲ್ಲನ್ನು ಸುತ್ತಿ ಅವಳ ಬಲಕ್ಕೆ ಬಂದು, ಲೋಟವನ್ನು ಬಲಗೈಗೆ ಕೊಟ್ಟೆ.